ಅಜ್ಜನ ಗದ್ದೆ ಮತ್ತು ಶೆಟ್ರ ಲಾಜಿಕ್

ಉಡುಪಿಯ ಅಜ್ಜರಕಾಡಿನಲ್ಲಿ ವಾಕಿಂಗ್ ಮುಗಿಸಿ ಚಾ ಕುಡಿಯುವಾಗ ನಮ್ಮ ಗುಂಪಿನ ಶೆಟ್ರು ಸಲಿಂಗ ಮದುವೆಯ ಸುದ್ದಿ ತೆಗೆದರು. "ನನಗೆ ಶಾಸ್ತ್ರ ಗೀಸ್ತ್ರ ಬೇಡ ಮಾರಾಯ್ರೆ. ದೇವರನ್ನು ಬದಿಗಿಟ್ಟೇ ಹೇಳ್ತೇನೆ, ಅದನ್ನು ಸರ್ಕಾರ ಒಪ್ಪಬಾರದು. ಬರೀ ಲಾಜಿಕ್." ಶೆಟ್ರು ವಕೀಲರಾಗಿದ್ದವರು, ಸುಮ್ನೆ ಬಾಯಿ ಬಿಡುವವರಲ್ಲ. ಹಾಗಾಗಿ ಎರಡು ದಿನ ನನ್ನ ತಲೆಯಲ್ಲಿ ಅದೇ.

ಅವರ ಮುಖ್ಯ ವಾದ ಇಷ್ಟು. ಜನರ ಮದುವೆಯ ಉಸಾಬರಿ ಸರ್ಕಾರಕ್ಕೆ ಯಾಕೆ? ಮಕ್ಕಳಿಗಾಗಿ. ಮಗು ಯಾರದು, ಆಸ್ತಿ ಯಾರಿಗೆ ಅಂತ ಗೊತ್ತಾಗಲಿಕ್ಕೆ. ಮಕ್ಕಳು ಹುಟ್ಟದ ಜೋಡಿಗೆ ಅದರ ಅಗತ್ಯವೇ ಇಲ್ಲ.

ಬೇರೆ ಊರಿನವರು ಹೀಗೆ ಹೇಳಿದರೆ ಸರಿ. ಉಡುಪಿಯ ಶೆಟ್ರು ಹೇಳಬಹುದಾ? ನಮ್ಮದೂ ಅವರದ್ದೂ ಅಳಿಯಕಟ್ಟಿನ ಮನೆ, ಅಂದರೆ ಆಸ್ತಿ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುವ ಅಳಿಯಸಂತಾನ ಪದ್ಧತಿ. ನನ್ನ ಅಜ್ಜ ತೀರಿಕೊಂಡದ್ದು 1940ರ ದಶಕದಲ್ಲಿ. ಅವರು ಉಳುತ್ತಿದ್ದ ಗದ್ದೆ ಅವರ ಮಗನಿಗೆ, ಅಂದರೆ ನನ್ನ ಅಪ್ಪನಿಗೆ, ಬರಲಿಲ್ಲ. ಅಜ್ಜನ ಅಕ್ಕನ ಮಕ್ಕಳಿಗೆ ಹೋಯಿತು. ಅಪ್ಪ ಸೇರಿದ್ದು ಅವರ ತಾಯಿಯ ಕುಟುಂಬಕ್ಕೆ, ತಾಯಿಯ ‘ಬಳಿ’ಗೆ, ಅಂದರೆ ಕುಲಕ್ಕೆ. ಮದುವೆ ಒಂದು ಕಡೆ, ಆಸ್ತಿ ಇನ್ನೊಂದು ಕಡೆ. ಅಪ್ಪ ಅಮ್ಮ ಮಕ್ಕಳು, ಅವರ ಆಸ್ತಿ, ಇದೇ ಪ್ರಕೃತಿ ಮಾಡಿಟ್ಟ ಸಂಸಾರ ಅನ್ನುವವರು ನಮ್ಮ ಗುತ್ತುಮನೆಗಳ ಹಳೇ ಕಾಗದಪತ್ರ ಬಿಡಿಸಿ ನೋಡಬೇಕು.

1954ರ ವಿಶೇಷ ವಿವಾಹ ಕಾಯ್ದೆಯಲ್ಲಾದರೂ ಮಕ್ಕಳಾಗಲೇಬೇಕು ಅಂತ ಎಲ್ಲಿ ಉಂಟು? ಅರುವತ್ತು ದಾಟಿದವರು ರಿಜಿಸ್ಟರ್ ಮದುವೆ ಆಗುತ್ತಾರೆ. ಯಾರೂ ಡಾಕ್ಟರ್ ಸರ್ಟಿಫಿಕೇಟ್ ಕೇಳುವುದಿಲ್ಲ. ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಬೇಕು ಅನ್ನುತ್ತೀರಾ? ಒಂಟಿ ಹೆಂಗಸು ದತ್ತು ತೆಗೆದುಕೊಳ್ಳಲು ನಮ್ಮ ಕಾನೂನು ಈಗಲೇ ಬಿಡುತ್ತದೆ. ಜನಸಂಖ್ಯೆ ಕಡಿಮೆಯಾಗುತ್ತದೆ ಅಂತ ಒಬ್ಬರು ನಡುವೆ ಬಾಯಿ ಹಾಕಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಅಷ್ಟಕ್ಕೆ ಇಳಿಸಿದವರು ನಾವೇ, ಗಂಡ ಹೆಂಡತಿಯರು.

ಇನ್ನೊಂದು, ಇದೆಲ್ಲ ಪೇಟೆಯ ಶ್ರೀಮಂತರ ಶೋಕಿ ಅನ್ನುವುದು. 2023ರಲ್ಲಿ ಸುಪ್ರೀಂ ಕೋರ್ಟಿನ ಸಲಿಂಗ ಮದುವೆ ಕೇಸಿನಲ್ಲಿ ಕೇಂದ್ರ ಸರ್ಕಾರವೂ ಹೆಚ್ಚುಕಡಿಮೆ ಹಾಗೇ ಹೇಳಿತ್ತು. ನಾನು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವನು. ಇಬ್ಬರು ಟೀಚರಮ್ಮಂದಿರು ಪ್ರತಿ ತಿಂಗಳು ಒಟ್ಟಿಗೆ ಬರುತ್ತಿದ್ದರು. ಒಂದೇ ಮನೆ, ಒಂದೇ ಅಡುಗೆ, ಇಪ್ಪತ್ತೈದು ವರ್ಷ. ಅವರ ನಡುವೆ ಏನಿತ್ತು ಅಂತ ನಾನು ಕೇಳಿಲ್ಲ, ಊರೂ ಕೇಳಿಲ್ಲ. ಒಬ್ಬರು ಹೋಗಿಬಿಟ್ಟರು. ಎಫ್‌ಡಿಗೆ ಇನ್ನೊಬ್ಬರೇ ನಾಮಿನಿ, ದುಡ್ಡು ಕೊಟ್ಟೆವು. ವಾರದೊಳಗೆ ತೀರಿಕೊಂಡವರ ಅಣ್ಣಂದಿರು ಹಾಜರು. ನಾಮಿನಿ ಅಂದರೆ ವಾರಸುದಾರ ಅಲ್ಲ, ದುಡ್ಡು ಕೈಯಲ್ಲಿ ಹಿಡಿದುಕೊಳ್ಳುವವ ಅಷ್ಟೇ. ಮನೆಯೂ ತೀರಿಕೊಂಡವರ ಹೆಸರಿನಲ್ಲೇ ಇತ್ತು. ಕೊನೆಗೆ ಆ ಟೀಚರು ಒಂದು ಹೊಲಿಗೆ ಮಷಿನು, ನಾಲ್ಕು ಪಾತ್ರೆ ಹಿಡಿದುಕೊಂಡು ತಮ್ಮನ ಮನೆಗೆ ಹೋದರು. ಇದರಲ್ಲಿ ಶೋಕಿ ಎಲ್ಲಿ ಬಂತು?

"ವಿಲ್ ಬರೆದಿಡಬಹುದಿತ್ತಲ್ಲ" ಅಂದರು ಶೆಟ್ರು. ಬರೆಯಬಹುದಿತ್ತು, ಹೌದು. ಆದರೆ ಫ್ಯಾಮಿಲಿ ಪೆನ್ಷನ್ನನ್ನು ವಿಲ್ಲಿನಲ್ಲಿ ಬರೆಯಲಿಕ್ಕೆ ಆಗುವುದಿಲ್ಲ. ಗಂಡ ಹೆಂಡತಿಗೆ ಹತ್ತು ಲಕ್ಷ ಕೊಟ್ಟರೆ ಅದು ಉಡುಗೊರೆ. ಮದುವೆಯಾಗದ ಜೊತೆಗಾರರು ವರ್ಷಕ್ಕೆ 50,000 ರೂಪಾಯಿ ದಾಟಿ ಕೊಟ್ಟರೆ ಪಡೆದವರಿಗೆ ತೆರಿಗೆ. ಇಂಥವರೂ ಜಂಟಿ ಖಾತೆ ತೆರೆಯಬಹುದು, ನಾಮಿನಿ ಮಾಡಬಹುದು ಅಂತ 2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ ಸ್ಪಷ್ಟ ಮಾಡಿತು. ಒಳ್ಳೆಯದೇ. ಆದರೆ ನಾಮಿನಿಯ ಹಣೆಬರಹ ಈಗಷ್ಟೇ ಹೇಳಿದೆನಲ್ಲ.

ಶೆಟ್ರ ಒಂದು ಮಾತಿಗೆ ಮಾತ್ರ ತೂಕ ಉಂಟು. ನಮ್ಮ ಕಾನೂನುಗಳ ತುಂಬಾ ಗಂಡ, ಹೆಂಡತಿ ಅಂತಲೇ ಬರೆದಿದೆ. ಮದುವೆಯ ವಯಸ್ಸು ಗಂಡಿಗೆ 21, ಹೆಣ್ಣಿಗೆ 18. ಕೆಲವು ರಕ್ಷಣೆ ಹೆಂಡತಿಗೆ ಮಾತ್ರ. ಇಬ್ಬರೂ ಗಂಡಸರಾದರೆ ಜೀವನಾಂಶ ಯಾರು ಕೇಳುವುದು? ಸುಮಾರು 160 ಕಾನೂನುಗಳಿಗೆ ಇದು ತಾಗುತ್ತದೆ ಅಂತ ಕೇಂದ್ರದ ವಕೀಲರಾದ ಸಾಲಿಸಿಟರ್ ಜನರಲ್ ಆ ಕೇಸಿನಲ್ಲಿ ಹೇಳಿದ್ದರು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐದೂ ಜನ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ ಅಂದರು. ಮದುವೆ ಅಲ್ಲದಿದ್ದರೂ ಇಂಥ ಜೋಡಿಯ ಸಂಬಂಧಕ್ಕೆ ಒಂದು ಮಾನ್ಯತೆ ಬೇಕು ಅಂದವರು ಇಬ್ಬರು, ಒಪ್ಪದವರು ಮೂವರು. ಮದುವೆಯ ಕಾನೂನು ತಿದ್ದುವುದು ಸಂಸತ್ತಿನ ಕೆಲಸ ಅನ್ನುವುದನ್ನು ನಾನೂ ಒಪ್ಪುತ್ತೇನೆ, ಸ್ವಲ್ಪ ಬೇಜಾರಿನಿಂದಲೇ.

ಆದರೆ ಕೆಲಸ ಜಾಸ್ತಿ ಅನ್ನುವುದು ಬೇರೆ, ಕೆಲಸ ತಪ್ಪು ಅನ್ನುವುದು ಬೇರೆ ಅಲ್ವಾ? 1949ರಲ್ಲಿ, ನಮ್ಮೂರು ಮದ್ರಾಸಿನ ಆಡಳಿತದಲ್ಲಿದ್ದಾಗ, ಅವರು ಅಳಿಯಸಂತಾನ ಕಾಯ್ದೆ ತಂದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ನಮ್ಮ ಕಟ್ಟನ್ನೇ ತಲೆಕೆಳಗು ಮಾಡಿತು. ಅಳಿಯನಿಗೆ ಹೋಗುತ್ತಿದ್ದ ಪಾಲು ಹೆಂಡತಿ ಮಕ್ಕಳ ಕಡೆಗೆ ತಿರುಗಿತು. ಎಷ್ಟು ಮನೆಗಳಲ್ಲಿ ಜಗಳ, ಎಷ್ಟು ಕೇಸು! ಅದಕ್ಕೆ ಹೋಲಿಸಿದರೆ ಇದು ಎಂತದು? ಯಾರ ಹೆಂಡತಿ ಮಕ್ಕಳ ಪಾಲನ್ನೂ ಕಸಿಯುವುದಿಲ್ಲ.

ಇಷ್ಟನ್ನೂ ನಿನ್ನೆ ಬೆಳಿಗ್ಗೆ ಶೆಟ್ರಿಗೆ ಹೇಳಿದೆ. ಗೋಳಿಬಜೆ ಅಗಿಯುತ್ತಾ ಪೂರ್ತಿ ಕೇಳಿದರು. ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. "ಅದಿರಲಿ, ನಿಮ್ಮ ಅಜ್ಜನ ಆ ಗದ್ದೆ ಈಗ ಯಾರ ಹತ್ತಿರ ಉಂಟು?" ಅಂದರು.

ಅಜ್ಜನ ಅಕ್ಕನ ಮೊಮ್ಮಗಳ ಹತ್ತಿರ. ಗದ್ದೆ ಹೋಗಿ ತೋಟ ಆಗಿದೆ. ವರ್ಷಕ್ಕೊಮ್ಮೆ ನಮಗೆ ಒಂದು ಗೋಣಿ ತೆಂಗಿನಕಾಯಿ ಕಳಿಸುತ್ತಾಳೆ.