ಕಪಾಟಿನ ಬೀಗ ತೆಗೀರಿ, ಮಾರಾಯ್ರೇ

ಇವತ್ತು ಕುಮಟಾ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಹೆಸರು ಬೇಡ. ಡಿಸ್ಲೆಕ್ಸಿಯಾ (ಓದು ಬರಹ ಕಲಿಯಲು ಆಗುವ ತೊಡಕು) ಇದೆ ಅಂತ ತಪಾಸಣೆಯಲ್ಲಿ ಗೊತ್ತಾದ ಎರಡನೇ ಕ್ಲಾಸಿನ ಮಾಣಿಯೊಬ್ಬ, 6 ಬರೆಯುವ ಕಡೆ 9 ಬರೆದ ಅಂತ, ಒಂದರಿಂದ ನೂರರವರೆಗೆ ಮತ್ತೆ ಬರೆಯುತ್ತಾ ಕೂತಿದ್ದ. ಪಕ್ಕದ ಕಪಾಟಿನಲ್ಲಿ ಮರದ ಅಂಕಿ, ಮಣಿಸರ ಎಲ್ಲ ಇದೆ. ಬೀಗ ಹಾಕಿದ್ದಾರೆ. ಕೇಳಿದರೆ, "ಮಕ್ಕಳ ಕೈಗೆ ಕೊಟ್ರೆ ಕಳೆದುಹೋಗ್ತದೆ." ಸಿಟ್ಟಿಗೆ ನನಗೆ ಮಾತೇ ಹೊರಡಲಿಲ್ಲ.

ಎಂಟು ಅಡಿಕೆ ಮುಂದಿಟ್ಟರೆ ಆ ಹುಡುಗ ಸರಿಯಾಗಿ ಎಣಿಸುತ್ತಾನೆ. ಹಾಳೆ ಮೇಲಿನ 8 ಕಂಡರೆ ತಡವರಿಸುತ್ತಾನೆ. ಎಣಿಕೆ ಗೊತ್ತು, ಅದಕ್ಕೂ ಅಂಕಿಗೂ ನಂಟು ಕೂಡಿಲ್ಲ. ಸುಮ್ನೆ ಬರೆಸುತ್ತಾ ಹೋದರೆ ತಪ್ಪು ಆಕಾರವೇ ಕೈಗೆ ರೂಢಿಯಾಗುತ್ತದೆ, ಅಲ್ವಾ?

1907ರಲ್ಲಿ ರೋಮ್‌ನಲ್ಲಿ ಶಾಲೆ ತೆರೆದ ಮಾರಿಯಾ ಮಾಂಟೆಸ್ಸೊರಿ ಸ್ಯಾಂಡ್ ಪೇಪರಿನ ಅಂಕಿಗಳನ್ನು ಮಕ್ಕಳ ಬೆರಳಿಗೆ ಕೊಟ್ಟವರು. ಬರೆಯುವ ದಿಕ್ಕಿನಲ್ಲೇ ಎರಡು ಬೆರಳು ಆಡಿಸಬೇಕು, "ಆರು" ಅಂತ ಬಾಯಿಬಿಟ್ಟು ಹೇಳಬೇಕು, ಪಕ್ಕದಲ್ಲಿ ಆರು ಹುಣಸೆ ಬೀಜ ಇಡಬೇಕು. ಕಣ್ಣು, ಕಿವಿ, ಬೆರಳು ಒಟ್ಟಿಗೆ ಕಲಿಯುತ್ತವೆ. 6 ಗಟ್ಟಿಯಾಗುವ ತನಕ 9ರ ಸುದ್ದಿಯೇ ಬೇಡ. 12, 21 ಅದಲುಬದಲಾಗುತ್ತದಾ? ಹತ್ತತ್ತು ಹಿಡಿಕಡ್ಡಿಯ ಕಟ್ಟು ಮಾಡಿ. ಒಂದು ಕಟ್ಟು ಎರಡು ಬಿಡಿ ಕಡ್ಡಿ, ಎರಡು ಕಟ್ಟು ಒಂದು ಬಿಡಿ ಕಡ್ಡಿ. ಯಾವುದು ಜಾಸ್ತಿ ಅಂತ ಮಗುವಿನ ಕೈಯೇ ಹೇಳುತ್ತದೆ. ಕಪಾಟು ತೆಗೆಯದಿದ್ದರೆ ಹೋಗಲಿ, ಕಾರವಾರದಿಂದ ಭಟ್ಕಳದ ತನಕ ಹೊಯ್ಗೆ (ಮರಳು) ಇದೆ. ಒಂದು ತಟ್ಟೆಯಲ್ಲಿ ಹರಡಿ ಬೆರಳಲ್ಲಿ ಬರೆಸಿ. ತಪ್ಪಾದರೆ ಅಳಿಸಿದರಾಯಿತು, ಕೆಂಪು ಗೆರೆ ಬೀಳುವುದಿಲ್ಲ.

"ಒಬ್ಬನ ಹತ್ರವೇ ಕೂತ್ರೆ ಉಳಿದವರ ಪಾಠ ಯಾರು ಮಾಡ್ತಾರೆ?" ಅಂತ ಅಕ್ಕೋರೊಬ್ಬರು ಕೇಳಿದರು. ಒಬ್ಬರೇ ಮೂರು ತರಗತಿ ನೋಡುವ ಕಷ್ಟ ನನಗೆ ಗೊತ್ತು. ಆದರೆ ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ನಲಿಕಲಿ ಪದ್ಧತಿ ನಡೆಯುವುದೇ ಗುಂಪು, ಕಾರ್ಡು, ಚಟುವಟಿಕೆಯ ಮೇಲೆ. ಅದರಲ್ಲೇ ಇದೂ ಸೇರುತ್ತದೆ, ಬೇರೆ ಮಕ್ಕಳಿಗೂ ಉಪಯೋಗ. ನೂರರವರೆಗೆ ಬರೆಸಿ ತಿದ್ದುವುದಕ್ಕೆ ಇರುವ ಸಮಯ ಇದಕ್ಕೆ ಯಾಕಿಲ್ಲ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾ, ಡಿಸ್ಕ್ಯಾಲ್ಕುಲಿಯಾ (ಲೆಕ್ಕ ಕಲಿಯಲು ಆಗುವ ತೊಡಕು) ಎರಡರ ಹೆಸರೂ ಇದೆ. ಈ ಮಕ್ಕಳಿಗೆ ಬೇಕಾದ ಹಾಗೆ ಕಲಿಸುವುದು ನಾವು ಮಾಡುವ ಉಪಕಾರ ಅಂತ ಯಾರೂ ತಿಳಿಯಬಾರದು. ಅಪ್ಪ ಅಮ್ಮಂದಿರೇ, ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ: ಆ ಸಾಮಾನು ಮಕ್ಕಳ ಕೈಗೆ ಯಾವಾಗ ಬರುತ್ತದೆ?

ಅಂಕೋಲಾ, ಹೊನ್ನಾವರ, ಶಿರಸಿ ಕಡೆಯ ಗೆಳೆಯರೇ, ಬಡಗಿ ಕೆಲಸದಲ್ಲಿ ಉಳಿದ ಸ್ಯಾಂಡ್ ಪೇಪರ್ ತುಂಡು, ದಪ್ಪ ರಟ್ಟು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಅಂಕಿ ಕತ್ತರಿಸಿ ಅಂಟಿಸಿ ಕೊಡುವುದು ನನಗಿರಲಿ.