ಹಗುರ ತೋಟಾದ ಏಟಿಗೆ ಬಲವಿಲ್ಲವೇ? ಸತ್ಯಾಂಶ

ಬ್ರಿಟನ್ನಿನಲ್ಲಿ ಬೆಳೆ ತಿನ್ನುವ ಕಾಡುಪಾರಿವಾಳ ಹೊಡೆಯುವವರ ನಡುವೆ ಸುತ್ತುವ ಮಾತು: ಒಳಗೆ 32 ಗ್ರಾಂಗಿಂತ ಕಡಿಮೆ ಚರೆ (ಸಣ್ಣ ಗುಂಡುಗಳು) ಇರುವ ಹಗುರ ತೋಟಾ ಹಕ್ಕಿಯನ್ನು ಕೆಡವದು. ಇದು ತಪ್ಪು. ಏಟಿನ ಬಲ ಒಂದೊಂದು ಚರೆಯ ತೂಕ, ವೇಗದಿಂದ ಬರುತ್ತದೆ. ಅಲ್ಲಿನ 6ನೇ ನಂಬರಿನ ಗಾತ್ರದ ಸೀಸದ ಚರೆ 32 ಗ್ರಾಂನಲ್ಲಿ ಸುಮಾರು 305, 28 ಗ್ರಾಂನಲ್ಲಿ ಸುಮಾರು 270; ಕಡಿಮೆಯಾಗುವುದು ದಟ್ಟಣೆ ಮಾತ್ರ.

ನೀವೇ ನೋಡಬಹುದು. ಹಿಂದೆ ಭದ್ರವಾದ ಮಣ್ಣಿನ ದಿಬ್ಬವಿರುವ ಕಡೆ 30 ಗಜ ದೂರದಲ್ಲಿ ದೊಡ್ಡ ಹಾಳೆ ಕಟ್ಟಿ, ಪ್ರತಿ ಈಡಿಗೂ ಹಾಳೆ ಬದಲಿಸಿ. ಚರೆ ದಟ್ಟವಾದಲ್ಲಿ 30 ಅಂಗುಲದ ವೃತ್ತ ಎಳೆದು ತೂತು ಎಣಿಸಿ. ಪಾರಿವಾಳದಷ್ಟು ಅಗಲದ ಖಾಲಿ ಜಾಗ ಕಂಡರೆ ಚೋಕ್ (ಕೋವಿಯ ನಳಿಗೆ ತುದಿಯ ಇಕ್ಕಟ್ಟು) ಬಿಗಿ ಮಾಡಿ, ಇಲ್ಲವೇ ದೂರ ತಗ್ಗಿಸಿ.

ಡಬ್ಬಿಯ ಮೇಲಿನ ವೇಗವನ್ನೂ ಓದಿ: ಅತಿವೇಗದ 28 ಗ್ರಾಂ ತೋಟಾದ ಒದೆತ ಹೆಗಲಿಗೆ ಅಷ್ಟೇನೂ ಮೃದುವಲ್ಲ. ಕೆಲವು ಸೆಮಿ-ಆಟೊ (ಮುಂದಿನ ತೋಟಾವನ್ನು ತಾವೇ ತುಂಬಿಕೊಳ್ಳುವ) ಕೋವಿಗಳು ತೀರಾ ಹಗುರ ತೋಟಾದ ಖಾಲಿ ಕೊಳವೆಯನ್ನು ಹೊರಗೆಸೆಯದೆ ಸಿಕ್ಕಿಕೊಳ್ಳುತ್ತವೆ.