ಪೆನ್ನಿನಷ್ಟೂ ಉದ್ದ ಇಲ್ಲದ ಬಂಗುಡೆ

ಬೆಳಿಗ್ಗೆ ಆರಕ್ಕೆ ನಮ್ಮೂರ ಧಕ್ಕೆಗೆ, ಅಂದರೆ ಮೀನಿನ ಬೋಟು ನಿಲ್ಲುವ ಬಂದರಿಗೆ, ಹೋಗಿದ್ದೆ. ಊರಿಗೆ ಬಂದರೆ ನಾನು ಮೊದಲು ಓಡುವುದು ಅಲ್ಲಿಗೇ ಅಂತ ನಿಮಗೆಲ್ಲ ಗೊತ್ತು. ಅಮ್ಮ ಅಂಜಲ್ ಮೀನು ತಾ ಅಂದಿದ್ದಳು. ರೇಟು ಕೇಳಿ ಸುಮ್ನೆ ಮುಂದೆ ಹೋದೆ, ಅದು ಬೇರೆ ಕಥೆ.

ಬಲೆಯನ್ನು ನೀರಿನಲ್ಲಿ ಎಳೆದುಕೊಂಡು ಹೋಗುವ ಒಂದು ಟ್ರಾಲ್ ಬೋಟು ಖಾಲಿ ಮಾಡುತ್ತಿದ್ದರು. ಒಳ್ಳೆ ಮೀನೆಲ್ಲ ಆಗಲೇ ಹೋಗಿತ್ತು. ಉಳಿದದ್ದನ್ನು ಸಲಿಕೆಯಲ್ಲಿ ಎತ್ತಿ ಲಾರಿಗೆ ಎಸೆಯುತ್ತಿದ್ದರು. ಜಲ್ಲಿ ಎತ್ತಿದ ಹಾಗೆ. ಐಸೂ ಇಲ್ಲ, ಬುಟ್ಟಿಯೂ ಇಲ್ಲ. ಹತ್ತಿರ ಹೋಗಿ ನೋಡಿದರೆ ಹೆಬ್ಬೆರಳಿನಷ್ಟು ಬೊಂಡಾಸ್ (ಸ್ಕ್ವಿಡ್), ರಿಬ್ಬನ್ನಿನಂಥ ಪಾಂಬೊಲ್ ಮೀನಿನ ಮರಿ, ಮದ್ಮಲ್ ಮೀನಿನ ಮರಿ, ಅದರ ಮಧ್ಯೆ ಬೇಕಾದಷ್ಟು ಬಂಗುಡೆ ಮರಿ. ಜೇಬಿನಲ್ಲಿ ಬಾಲ್ ಪೆನ್ ಇತ್ತು. ಒಂದು ಬಂಗುಡೆ ತೆಗೆದು ಪಕ್ಕ ಇಟ್ಟೆ. ಅರ್ಧ ಪೆನ್ನಿಗೆ ಮುಗಿಯಿತು. ಇನ್ನೊಂದು ಇಟ್ಟೆ. ಅದೂ ಅಷ್ಟೇ. ಹತ್ತಿಪ್ಪತ್ತು ಇಟ್ಟು ನೋಡಿದೆ, ಒಂದೂ ಕ್ಯಾಪ್ ತನಕ ಬರಲಿಲ್ಲ. ಸಲಿಕೆ ಹಿಡಿದ ಹುಡುಗ "ಎಂತ ಮಾರಾಯ್ರೆ, ಮೀನಿಗೆ ಅಂಗಿ ಹೊಲಿಸ್ಲಿಕ್ಕುಂಟಾ?" ಅಂದ. ನಗು ಬಂತು, ಹೊಟ್ಟೆಯೂ ಉರಿಯಿತು.

ಪೆನ್ನು ಸುಮಾರು 14 ಸೆಂ.ಮೀ. ಇರುತ್ತದೆ, ಅಲ್ವಾ? ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಹೇಳುವುದೂ ಅಷ್ಟೇ. 14 ಸೆಂ.ಮೀ.ಗಿಂತ ಸಣ್ಣ ಬಂಗುಡೆ ಹಿಡಿಯಬೇಡಿ, 10 ಸೆಂ.ಮೀ.ಗಿಂತ ಸಣ್ಣ ಬೂತಾಯಿ (ಸಾರ್ಡೀನ್) ಹಿಡಿಯಬೇಡಿ. ಇದಕ್ಕೆ ಲ್ಯಾಬು ಬೇಡ, ಹಡಗು ಬೇಡ, ಒಂದು ಪೆನ್ನು ಸಾಕು. ಕೇರಳದವರು 2015ರಲ್ಲೇ ಇದನ್ನು ಕಾನೂನು ಮಾಡಿ, ಮರಿ ಮೀನು ತಂದ ಬೋಟುಗಳಿಗೆ ದಂಡ ಹಾಕಲು ಶುರು ಮಾಡಿದರು. ನಮ್ಮ ಧಕ್ಕೆಯಲ್ಲಿ ಅಳತೆ ಪಟ್ಟಿ ಹಿಡಿದು ನಿಂತ ಒಬ್ಬರನ್ನೂ ನಾನು ಇವತ್ತಿನ ತನಕ ಕಂಡಿಲ್ಲ.

ನಾವು ಲೆಕ್ಕ ಹಾಕುವುದು ದಿನ ಮಾತ್ರ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಮೀನು ಮೊಟ್ಟೆ ಇಡಲಿ ಅಂತ ಬಿಡುತ್ತೇವೆ. ಆಮೇಲೆ ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಕೈ ಮುಗಿಯುತ್ತೇವೆ. ಅದಾದ ಮೇಲೆ ಆ ಮೊಟ್ಟೆಯಿಂದ ಬಂದ ಮರಿಗಳನ್ನು ಸಲಿಕೆಯಲ್ಲಿ ಎತ್ತುತ್ತೇವೆ. ಬಾಣಂತಿಗೆ ರಜೆ ಕೊಟ್ಟು ತೊಟ್ಟಿಲು ಮಾರಿದ ಹಾಗಾಯಿತು.

ಆ ಲಾರಿ ಎಲ್ಲಿಗೆ ಹೋಗುತ್ತದೆ ಅಂತ ಘಟ್ಟದ ಮೇಲಿನ ಸ್ನೇಹಿತರಿಗೆ ಗೊತ್ತಿರಲಿಕ್ಕಿಲ್ಲ. ಫಿಶ್‌ಮೀಲ್ ಫ್ಯಾಕ್ಟರಿಗೆ. ಅಲ್ಲಿ ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡುತ್ತಾರೆ, ಎಣ್ಣೆಯನ್ನು ಬೇರೆ ತೆಗೆಯುತ್ತಾರೆ. ಪುಡಿ ಸಿಗಡಿ ಕೆರೆಗೆ, ಕೋಳಿ ಫಾರಂಗೆ. ಅಂದರೆ ನಾಲ್ಕು ತಿಂಗಳು ಬಿಟ್ಟರೆ ನಮ್ಮ ಬಡವರ ಗಂಜಿಗೆ ಹುಳಿ-ಖಾರದ ಪುಳಿಮುಂಚಿ ಸಾರು ಆಗಬೇಕಿದ್ದ ಬಂಗುಡೆಯನ್ನು ಈಗಲೇ ಸಿಗಡಿಗೆ ತಿನ್ನಿಸಿ, ಆ ಸಿಗಡಿಯನ್ನು ವಿದೇಶಕ್ಕೆ ಕಳಿಸುವುದು.

ಬೋಟಿನ ಗೆಳೆಯರು ಈಗಲೇ ಫೋನು ಎತ್ತಿಕೊಂಡಿರುತ್ತೀರಿ, ಗೊತ್ತು. "ಡೀಸೆಲ್ ರೇಟು ನಿನಗೆಂತ ಗೊತ್ತು? ಹತ್ತು ದಿನ ಹೊರಗಿದ್ದು ಬಂದರೆ ಸಾಲದ ಕಂತೂ ಹುಟ್ಟುವುದಿಲ್ಲ. ಮರಿ ಹೇಗೂ ಬಲೆಯಲ್ಲೇ ಸಾಯುತ್ತದೆ, ಮೊದಲು ನೀರಿಗೆ ಎಸೆಯುತ್ತಿದ್ದೆವು, ಈಗ ದಡಕ್ಕೆ ತರುತ್ತೇವೆ, ನಾಲ್ಕು ಕಾಸು ಆಗುತ್ತದೆ." ಸರಿ, ಎಸೆಯುತ್ತಿದ್ದದ್ದು ನಿಜ. ಆದರೆ ಎಸೆಯುವಾಗ ಅದು ಕಸವಾಗಿತ್ತು, ಹೆಕ್ಕಿ ಬೇರೆ ಮಾಡುವುದೇ ದೊಡ್ಡ ತಲೆನೋವು, ಮರಿ ಬೀಳದಿದ್ದರೆ ಸಾಕಪ್ಪಾ ಅನ್ನಿಸುತ್ತಿತ್ತು. ಈಗ ಅದಕ್ಕೆ ರೇಟು ಬಂದಿದೆ. ರೇಟು ಬಂದ ಮೇಲೆ ಬಲೆಯ ಕಣ್ಣು ದೊಡ್ಡದು ಮಾಡಲು ಯಾರಿಗೆ ಹುಚ್ಚು?

ದಾರಿ ಇಲ್ಲವೆಂದಲ್ಲ. ಟ್ರಾಲ್ ಬಲೆಯ ತುದಿಯ ಚೀಲದಲ್ಲಿ ಈಗಿರುವುದು ವಜ್ರದ ಆಕಾರದ ಕಣ್ಣು. ಎಳೆದಾಗ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಇರುವೆಯೂ ಹೊರಗೆ ಹೋಗುವುದಿಲ್ಲ. ಅದೇ ಚೌಕದ ಕಣ್ಣು ಹಾಕಿದರೆ ಎಳೆದರೂ ತೆರೆದೇ ಇರುತ್ತದೆ, ಮರಿ ನುಸುಳಿ ಹೋಗುತ್ತದೆ. ಕೊಚ್ಚಿಯ ಕೇಂದ್ರ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ, ಅಂದರೆ ಸಿಐಎಫ್‌ಟಿಯವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಇಡೀ ಬೋಟು ಬದಲಿಸಬೇಕಿಲ್ಲ ಮಾರಾಯ್ರೆ, ಚೀಲದ ತುದಿ ಬದಲಿಸಿದರೆ ಸಾಕು.

"ಕಡಲು ಕೊಡ್ತದೆ, ಹೆದರಬೇಡ" ಅಂತ ಇನ್ನೊಬ್ಬರು ಹೇಳುತ್ತಾರೆ. ಬೂತಾಯಿ ನೀರಿನ ಬಿಸಿ ನೋಡಿ ಬರುತ್ತದೆ, ಹೋಗುತ್ತದೆ, ಒಪ್ಪಿದೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ ಸಿಕ್ಕ ಬೂತಾಯಿ 2021ರಲ್ಲಿ ಬರೀ 3,300 ಟನ್ ಆಸುಪಾಸಿಗೆ ಇಳಿಯಿತು, ಮತ್ತೆ ಏರಿತು. ಆದರೆ ಎಲ್ಲ ಮೀನೂ ಬೂತಾಯಿ ಅಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನವರೂ ಟ್ರಾಲರುಗಳಲ್ಲಿ ಬಾಚಿ ಬಾಚಿ ಸುಸ್ತಾಗಿ, 1992ರಲ್ಲಿ ಎರಡೇ ವರ್ಷ ಅಂತ ಕಾಡ್ ಅನ್ನುವ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಆ ನಿಷೇಧ ಅಧಿಕೃತವಾಗಿ ತೆಗೆದದ್ದು 2024ರಲ್ಲಿ. ಎರಡು ವರ್ಷ!

ಈಗ ನನ್ನ ಮರ್ಯಾದೆಯ ಪ್ರಶ್ನೆ. ಅಪ್ಪ ಟ್ರಾಲ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ನಾಯಕ, ಆಗಿದ್ದವರು. ಫ್ಯಾಕ್ಟರಿಗೆ ಹೋದ ಮೀನಿನ ದುಡ್ಡಿನಲ್ಲಿ ಅವರಿಗೂ ಪಾಲಿತ್ತು. ನನ್ನ ಹಾಸ್ಟೆಲ್ ಫೀಸು ಆ ದುಡ್ಡಿನಿಂದಲೇ ಹೋದದ್ದು. ಇವತ್ತು ಮಧ್ಯಾಹ್ನ ಪೆನ್ನಿನ ಕಥೆ ಹೇಳಿದಾಗ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ, "ನಾನು ಹಿಡಿದದ್ದರಲ್ಲಿ ಅರ್ಧ ನಿನ್ನ ಪೆನ್ನಿಗಿಂತ ಸಣ್ಣದೇ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಾವು ಶುರು ಮಾಡುವಾಗ ಒಂದು ರಾತ್ರಿಗೆ ಹೋಗಿ ಬರ್ತಾ ಇದ್ದೆವು" ಅಂದರು. ಈಗ ಹತ್ತು ದಿನ ಬೇಕು. ನಾನು ಏನೂ ಹೇಳಲಿಲ್ಲ. ಅಮ್ಮ ಮಾತ್ರ ಅಂಜಲ್ ಎಲ್ಲಿ ಅಂತ ಎರಡು ಸಲ ಕೇಳಿದಳು.

ಬೈಯುವವರು ಬೈಯಿರಿ, ನಂಬರ್ ನಿಮ್ಮ ಹತ್ತಿರ ಇದೆ. ಆದರೆ ಬೈಯುವ ಮುಂಚೆ ನಾಳೆ ಬೆಳಿಗ್ಗೆ ಧಕ್ಕೆಗೆ ಒಂದು ಪೆನ್ನು ತಗೊಂಡು ಹೋಗಿ. ಹಳೆಯದು ತಗೊಂಡು ಹೋಗಿ, ನಂದು ಮೂರು ಸಲ ತೊಳೆದರೂ ವಾಸನೆ ಹೋಗಿಲ್ಲ.